ಎಣ್ಣೆ ಡಬ್ಬದ ಬೀಗದ ಕೈ

ಗರ್ರ್, ಗರ್ರ್ ಎಂದು ಶುರುವಾಗಿ, ಮೆಲ್ಲಗೆ ಏರಿ, ಕೊನೆಗೆ ಒಂದೇ ಸಮನೆ ಊಳಿಡುತ್ತಿದ್ದ ಆ ಸದ್ದು ಈಗಲೂ ಕೆಲವು ದಿನ ಬೆಳಗ್ಗೆ ನನ್ನನ್ನು ಎಬ್ಬಿಸುತ್ತದೆ. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್. ನಮ್ಮ ಬಸ್ಸಿನ ಬೆನ್ನಿಗೆ ಆಳೆತ್ತರದ ಇದ್ದಿಲು ಒಲೆಯೊಂದನ್ನು ಕಟ್ಟಿದ್ದರು. ಅದರಿಂದ ಹುಟ್ಟುವ ಗ್ಯಾಸಿನಲ್ಲಿ ಇಂಜಿನ್ ಓಡಬೇಕು. ಬೆಳಗಾಗುವಾಗ ಡ್ರೈವರ್ ಅದರ ಫ್ಯಾನನ್ನು ಕೈಯಿಂದ ತಿರುಗಿಸಿ ಕೆಂಡ ಮಾಡುತ್ತಿದ್ದ; ಆ ಊಳು ಅದರದೇ. ಆ ಸಲ ಹಾಲಿಡೇಸಿಗೆಂದು ಮೈಸೂರಿನ ಕಾನ್ವೆಂಟಿನಿಂದ ಮದ್ದೂರಿನ ಮನೆಗೆ ಬಂದಾಗ ಅದರ ಬೆನ್ನಿಗೇ ಇನ್ನೊಂದು ಸದ್ದು ಸೇರಿಕೊಂಡಿತ್ತು. ಟಕ್, ಟಕ್, ಟಕ್. ಅಜ್ಜಿ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿದ ಹಾಗೆ. ಆದರೆ ಅದು ಬರುತ್ತಿದ್ದದ್ದು ಇಂಜಿನ್ನಿನ ಒಳಗಿನಿಂದ.

ಅಪ್ಪನಿಗೆ ಶಿಂಷಾ ಹೊಳೆಯ ಬದಿಯಲ್ಲಿ ಗದ್ದೆಯಿತ್ತು, ಮದ್ದೂರಿಗೂ ಮಳವಳ್ಳಿಗೂ ಓಡಾಡುವ ಈ ಒಂದು ಬಸ್ಸಿತ್ತು. ಗದ್ದೆಯ ಮೇಲೆ ಪ್ರೀತಿ, ಬಸ್ಸಿನ ಮೇಲೆ ಅನುಮಾನ. ಗದ್ದೆಯಲ್ಲಿ ಕದ್ದರೆ ಹೆಜ್ಜೆಯಾದರೂ ಉಳಿಯುತ್ತದೆ, ಬಸ್ಸಿನಲ್ಲಿ ಕದ್ದರೆ ವಾಸನೆಯೂ ಉಳಿಯದು ಎನ್ನುತ್ತಿದ್ದರು. ಆಗ ಅವರ ಸಸ್ಪಿಷನ್ನೆಲ್ಲ ಇಂಜಿನ್ ಆಯಿಲಿನ ಮೇಲೆ. ಸಿಕ್ಕುವುದೇ ಕಷ್ಟವಾಗಿದ್ದ ಆಯಿಲು ನೋಡುನೋಡುತ್ತಲೇ ಖಾಲಿಯಾಗುತ್ತಿತ್ತು.

"ಎಣ್ಣೆ ಎಲ್ಲೋಯ್ತದ್ಲಾ?" ಎಂದು ಡ್ರೈವರನ್ನು ಕೇಳುತ್ತಿದ್ದರು. ಬೆಸಗರಹಳ್ಳಿ ಕಡೆಯವನು ಅವನು, ನಾನು ಪುಟ್ಟ ಲಂಗ ಹಾಕುತ್ತಿದ್ದ ಕಾಲದಿಂದ ನಮ್ಮಲ್ಲಿದ್ದವನು.

"ಇಂಜನ್ ಕುಡೀತದೆ ಗೌಡ್ರೆ. ಒಗೆ ನೋಡಿ, ನೀಲಿ ಬತ್ತದೆ."

"ಇಂಜನ್ ಕುಡೀತದೋ, ಇನ್ಯಾರಾದ್ರೂ ಮಾರ್ಕೊಂಡು ಕುಡೀತಾರೋ."

ಒಂದು ದಿನ ಆಯಿಲ್ ಡಬ್ಬ ಕೊಟ್ಟಿಗೆಯ ಮರದ ಪೆಟ್ಟಿಗೆಯೊಳಕ್ಕೆ ಹೋಯಿತು. ಪೆಟ್ಟಿಗೆಗೆ ಬೀಗ ಬಿತ್ತು, ಬೀಗದ ಕೈ ಅಜ್ಜಿಯ ಸೊಂಟಕ್ಕೆ ಏರಿತು. ಬೆಳಗ್ಗೆ ಅಜ್ಜಿಯೇ ಹೋಗಿ, ಆಗದ ಬೀಗರಿಗೆ ತುಪ್ಪ ಬಡಿಸುವವಳ ಹಾಗೆ, ಸೌಟಿನಲ್ಲಿ ಅಳೆದು ಹೊಯ್ಯುತ್ತಿದ್ದಳು.

"ಇನ್ನೊಂದು ಚೂರು ಉಯ್ರವ್ವ. ಇದು ಸಾಲಾಕಿಲ್ಲ" ಎಂದ ಡ್ರೈವರ್.

"ನೆನ್ನೆ ಉಯ್ದಿದ್ದು ಏನಾಯ್ತು? ಬಸ್ಸೊಳಗೆ ಬೋಂಡ ಬೇಯಿಸ್ತೀಯೇನ್ಲಾ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅವನು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೂ ಅಪ್ಪನಿಗೆ ಪ್ರೂಫ್ ಆಯಿತು. "ಬೀಗ ಬಿದ್ದೇಟ್ಗೆ ಬಾಯಿ ಮುಚ್ಕೊಂಡ, ನೋಡುದ್ರಾ?"

ಟಕ್ ಟಕ್ ಜೋರಾಗುತ್ತ ಬಂತು. ದೊಡ್ಡ ರಸ್ತೆಯ ಬದಿಯಲ್ಲಿ, ತೆಂಗಿನ ಗರಿ ಹೊದಿಸಿದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಸಾಬರು ಬಂದು, ಇಂಜಿನ್ನಿಗೆ ಒಂದು ಕೋಲು ಆನಿಸಿ, ಅದರ ತುದಿಗೆ ಕಿವಿ ಕೊಟ್ಟು ಕೇಳಿದರು. "ಕೆಲ್ಸಕ್ಕೆ ಬಂದದೆ ಗೌಡ್ರೆ. ಪೂರಾ ಬಿಚ್ಬೇಕು. ಬೋರ್ ಮಾಡ್ಸಿ, ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲಾ ಆಕ್ಬೇಕು." ಅವರು ಹೇಳಿದ ಎಸ್ಟಿಮೇಟಿಗೆ ಎರಡು ಜೊತೆ ಒಳ್ಳೆ ಎತ್ತು ಬರುತ್ತಿದ್ದವು.

ಆಮೇಲೆ ಮನೆಯಲ್ಲಿ ಅದೇ ಮಾತು. ರಿಪೇರಿ ಮಾಡಿಸಿದರೆ ಮುದುಕನಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ. ಬಾಡಿ ಹಳೆಯದು, ಗೇರು ಹಳೆಯದು. ಮಾಡಿಸದಿದ್ದರೆ ಯಾವುದೋ ಒಂದು ದಿನ ಮಳವಳ್ಳಿ ದಾರಿಯಲ್ಲಿ ನಿಂತುಬಿಡುತ್ತದೆ. ಮಾರಿದರೆ ಕಬ್ಬಿಣದ ಬೆಲೆ. ಹೀಗೆ ತೂಗಿ ನೋಡುತ್ತಿರುವಾಗಲೇ, ಮಾರನೆಯ ದಿನ, ಮಂಡ್ಯದ ಬಸ್ಸಿನ ಮಾಲೀಕರೊಬ್ಬರು ಬಂದು, ಇದ್ದ ಹಾಗೇ ಕೊಂಡುಕೊಳ್ಳುತ್ತೇನೆ ಎಂದು ಕಾಫಿ ಕುಡಿದು ಹೋದರು. ಅವರ ಬೆನ್ನು ತಿರುಗಿದ್ದೇ ತಡ, ಅಪ್ಪನ ಮುಖ ಕಪ್ಪಿಟ್ಟಿತು.

"ನೆನ್ನೆ ಸಾಬ ಕೋಲು ಇಟ್ಕೊಂಡು ಕೇಳ್ದ, ಇವತ್ತು ಇವನು ಬಂದ. ಡ್ರೈವರ್ರೂ ಸೇರ್ಕೊಂಡವ್ನೆ. ಮೂರೂ ಜನ ಒಂದೇ ತಟ್ಟೇಲಿ ಉಣ್ತಾವ್ರೆ. ಇಂಜನ್ ಬಿಚ್ಲಿ, ಕಳ್ತನ ಗೊತ್ತಾಗ್ಲಿ, ಅವತ್ತೇ ಅವನ್ನ ಮನೆಗೆ ಕಳಿಸ್ತೀನಿ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. "ಎತ್ತಾದ್ರೆ ಅಲ್ಲು ನೋಡಿ ತಕ್ಕೊತೀವಿ. ಇದುಕ್ಕೆ ಯಾವ ಅಲ್ಲು ನೋಡಾದ್ಲಾ ಮಗ?"

ಕೈಯಲ್ಲಿ ದುಡ್ಡಿರಲಿಲ್ಲ. ಇದ್ದದ್ದು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಚಿನ್ನದ ಅಡ್ಡಿಕೆ. ಮದುವೆಯಲ್ಲಿ ನನ್ನ ಕೊರಳಿಗೆ ಎಂದು ಇಟ್ಟದ್ದು. ಕೊಡುತ್ತೇನೆ, ಆದರೆ ಇಂಜಿನ್ನು ನನ್ನ ಕಣ್ಣೆದುರಿಗೇ ಬಿಚ್ಚಬೇಕು ಎಂದಳು. ನಮ್ಮ ಮನೆಯಲ್ಲಿ ಚಿನ್ನ ಕರಗಿಸಲು ಕೊಟ್ಟರೆ ಹೆಂಗಸೊಬ್ಬಳು ಅಕ್ಕಸಾಲಿಯ ಕುಲುಮೆಯ ಮುಂದೆ ಕೂರಲೇಬೇಕು, ನೀರು ಕುಡಿಯಲೂ ಏಳುವಂತಿಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬುದು ಅಜ್ಜಿಯ ಕ್ಯಾಟಕಿಸಂ, ಕಾನ್ವೆಂಟಿನಲ್ಲಿ ನಮಗೆ ಬಾಯಿಪಾಠ ಮಾಡಿಸುತ್ತಿದ್ದ ಧರ್ಮಸೂತ್ರದ ಹಾಗೆ. ಮೆಕ್ಯಾನಿಕ್ಕಿಗೂ ಅದೇ ರೂಲು.

ಹೀಗೆ ಅಜ್ಜಿ ಚಾಪೆ, ಎಲೆ ಅಡಿಕೆ ಚೀಲ ಮತ್ತು ನನ್ನನ್ನು ಕರೆದುಕೊಂಡು ಶೆಡ್ಡಿಗೆ ಹೊರಟಳು. ಪಾರ್ಟಿನ ಡಬ್ಬಗಳ ಮೇಲಿನ ಇಂಗ್ಲಿಷ್ ಓದಲು ನಾನು. ಇಂಜಿನ್ನನ್ನು ಮುಟ್ಟಕೂಡದೆಂದು ಅಪ್ಪ ಹೇಳಿದ್ದರಿಂದ ಡ್ರೈವರ್ ಹೊರಗೆ ಹುಣಸೆ ಮರದಡಿ ಕುಕ್ಕರುಗಾಲಲ್ಲಿ ಕೂತಿದ್ದ.

"ಅವ್ವಾರೆ, ಇದು ಚಿನ್ನ ಅಲ್ಲ, ಕಬ್ಬಿಣ" ಎಂದು ಸಾಬರು ನಕ್ಕರು.

"ನನ್ ಚಿನ್ನ ಓಯ್ತಿರೋದು ಇದ್ರೊಳಕ್ಕೆ ತಾನೆ. ನೀವು ಬಿಚ್ಚಿ ಸಾಬ್ರೆ, ನಾನು ನೋಡ್ತೀನಿ. ಅಂದಂಗೆ, ಆ ಮಂಡ್ಯದೋರಿಗೆ ಯೋಳ್ದೋರು ಯಾರು?"

"ಯಾರು ಯೋಳ್ಬೇಕು? ನಿಮ್ಮ ಇಂಜನ್ನೇ ದಿನಾ ಊರೂರಿಗೆ ಯೋಳ್ಕೊಂಡು ತಿರುಗ್ತಿತ್ತಲ್ಲ."

ನನಗೆ ನಗು ಬಂತು. ಅಜ್ಜಿ ನಗಲಿಲ್ಲ.

ಇಂಜಿನ್ನಿನ ತಳದ ಆಯಿಲ್ ಛೇಂಬರನ್ನು ಬಿಚ್ಚಿ ಬಕೆಟ್ಟಿಗೆ ಬಗ್ಗಿಸಿದರು. ಬಕೆಟ್ಟಿನ ತಳವೂ ಸರಿಯಾಗಿ ನೆನೆಯಲಿಲ್ಲ. ಆಮೇಲೆ ಅರ್ಧ ಬಳೆಯಂಥ ಒಂದು ತುಂಡನ್ನು ತೆಗೆದು ಅಜ್ಜಿಯ ಅಂಗೈ ಮೇಲೆ ಇಟ್ಟರು. ಬೇರಿಂಗು. ಬೆಳ್ಳಗೆ ಇರಬೇಕಾದದ್ದು ಕರಗಿ, ಕೆತ್ತಿಹೋಗಿ, ಸೀದ ದೋಸೆಯಂತಾಗಿತ್ತು. ಅಜ್ಜಿ ಅದನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬೆರಳಿಗೆ ಜಿಡ್ಡೇ ಅಂಟಲಿಲ್ಲ.

"ಕೀಲೆಣ್ಣೆ ಕಾಣ್ದ ಗಾಡಿ ಅಚ್ಚು ತಿಂದೋದಂಗೆ ತಿಂದೋಗದೆ" ಎಂದಳು. ಗಾಡಿಯ ಅಚ್ಚಿಗೆ ಎಣ್ಣೆ ಬಿಡದ ಆಳನ್ನು ಅವತ್ತು ಊಟಕ್ಕೆ ಕರೆಯದ ಹೆಂಗಸು ಅವಳು.

"ಇದೂ ಅಂಗೇ ಅವ್ವಾರೆ" ಎಂದರು ಸಾಬರು. "ಮೊದ್ಲು ಇದ್ದಿಲು ದೂಳು ರಿಂಗ್ ತಿಂತು. ರಿಂಗ್ ಸವೆದ್ರೆ ಆಯಿಲೆಲ್ಲ ಒಗೆ. ಆಮೇಲೆ ಆಯಿಲೇ ಬರ್ನಿಲ್ಲ, ಬೇರಿಂಗು ಓಯ್ತು."

ಅಜ್ಜಿ ಹುಣಸೆ ಮರದ ಕಡೆ ತಿರುಗಿದಳು. "ಲೇ, ಯಾಕ್ಲಾ ಬಾಯ್ಬುಟ್ಟು ಕೇಳ್ನಿಲ್ಲ ನೀನು?"

"ಕೇಳ್ದೆ ಕಣವ್ವ. ಬೋಂಡ ಬೇಯಿಸ್ತೀಯಾ ಅಂದ್ರಿ."

ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು, "ಮಾಡ್ಸಿ ಸಾಬ್ರೆ" ಎಂದಳು. ಹೊರಡುವಾಗ ಸೊಂಟದ ದಾರದಿಂದ ಎಣ್ಣೆ ಪೆಟ್ಟಿಗೆಯ ಬೀಗದ ಕೈ ಬಿಚ್ಚಿ ಡ್ರೈವರನ ಕೈಗೆ ಹಾಕಿದಳು.

"ಮಡಿಕ. ಬೇಕಾದಷ್ಟು ಉಯ್ಕೊ. ನನ್ ಮಗನ್ಗೆ ಯೋಳ್ಬ್ಯಾಡ."

"ಗೌಡ್ರಿಗೆ ಗೊತ್ತಾದ್ರೆ?"

"ನಾನಿವ್ನಿ ಕಣ್ಲಾ. ನೀನೂ ಅಷ್ಟೇ ಮಗ, ಬಾಯ್ಬುಡ್ಬ್ಯಾಡ" ಎಂದಳು ನನಗೆ. ಮನೆಗೆ ಬಂದವಳೇ, ಸೊಂಟ ಬರಿದಾಗಿ ಕಾಣದಿರಲೆಂದು ಯಾವುದೋ ಹಳೇ ಬೀಗದ ಕೈಯೊಂದನ್ನು ಅಲ್ಲಿ ಕಟ್ಟಿಕೊಂಡಳು.

ಅಡ್ಡಿಕೆ ಕರಗಿತು. ಇಂಜಿನ್ನು ಮೈಸೂರಿಗೆ ಹೋಗಿ, ಸವೆದ ಸಿಲಿಂಡರು ಕೊರೆಸಿಕೊಂಡು, ಬೋರ್ ಆಗಿ ಬಂತು. ಹೊಸ ರಿಂಗಿನ ಇಂಜಿನ್ನಿಗೆ ಆಯಿಲು ಕುಡಿಯುವ ಚಟವಿಲ್ಲ; ನೀಲಿ ಹೊಗೆ ನಿಂತಿತು, ಡಬ್ಬ ತಿಂಗಳುಗಟ್ಟಲೆ ಬಾಳಿತು. ಅಪ್ಪನಿಗೆ ಅದರಲ್ಲೇ ಜಡ್ಜ್‌ಮೆಂಟ್ ಸಿಕ್ಕಿತು. "ಬೀಗ ಆಕುದ್ ಮೇಲೆ ಎಣ್ಣೆ ಎಂಗುಳೀತು ನೋಡುದ್ರಾ? ಅವನೇ ಕದೀತಿದ್ದ. ಬೇರೆ ಡ್ರೈವರ್ ಸಿಕ್ಕಾಕಿಲ್ಲ ಅಂತ ಮಡೀಕಂಡಿವ್ನಿ, ಅಷ್ಟೇಯ." ರಿಂಗಿನ ವಿಷಯ ನಾನು ವಿವರಿಸಹೋದರೆ, "ಇದ್ನೂ ಕಾನ್ವೆಂಟಲ್ಲಿ ಯೋಳ್ಕೊಡ್ತಾರಾ?" ಎಂದರು. ಅಜ್ಜಿ ಪಕ್ಕದಲ್ಲೇ ಕೂತಿದ್ದಳು. ಕುಟ್ಟಾಣಿಯ ಸದ್ದು ಸ್ವಲ್ಪ ಜೋರಾಯಿತು, ಅಷ್ಟೆ.

ಸ್ವಾತಂತ್ರ್ಯ ಬಂದ ವರ್ಷ ಅಜ್ಜಿ ಹೋದಳು. ತಿಥಿಯ ದಿನ ಊಟ ಮುಗಿದ ಮೇಲೆ ಡ್ರೈವರ್ ಬಂದು ಅಪ್ಪನ ಮುಂದೆ ಬೀಗದ ಕೈ ಇಟ್ಟ. "ಇದು ಅವ್ವಾರ್ದು."

ಅಪ್ಪ ಅದನ್ನು ಗುರುತು ಹಿಡಿದರು. "ಇದು ನಿನ್ ತಾವ ಯಾವಾಗ್ಲಿಂದ ಅದೆ?"

"ಇಂಜನ್ ಬಿಚ್ಚಿದ್ ದಿನದಿಂದ."

"ನಮ್ಮವ್ವ ಬೀಗದ ಕೈಯ ಯಾರಿಗೂ ಕೊಟ್ಟೋಳಲ್ಲ."

"ನನ್ನ ಎದುರಿಗೇ ಕೊಟ್ಟಳಪ್ಪ" ಎಂದೆ. ಅಪ್ಪ ನನ್ನ ಕಡೆ ತಿರುಗಿದರು. ಅದೇ ಅನುಮಾನದ ನೋಟ. "ಅಂಗಾದ್ರೆ ಇಷ್ಟು ದಿನ ಯಾಕೆ ಯೋಳ್ನಿಲ್ಲ ನೀನು?"

ಅಜ್ಜಿ ಬೇಡವೆಂದಿದ್ದಳು ಎಂದು ನಾನು ಹೇಳುತ್ತಿರುವಾಗಲೇ ಡ್ರೈವರ್ ಅಂಗಳಕ್ಕೆ ಇಳಿದ. ಬಸ್ಸು ಅಲ್ಲೇ ನಿಂತಿತ್ತು. ಅವನು ಬಾನೆಟ್ಟು ಎತ್ತಿ, ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ ತೆಗೆದು, ಜಗಲಿಯ ಕಡೆ ಎತ್ತಿ ಹಿಡಿದ. ಗುರುತಿನವರೆಗೂ ಎಣ್ಣೆ ಮಿಂಚುತ್ತಿತ್ತು. ಅಪ್ಪ ನೋಡಿದರೋ ಇಲ್ಲವೋ, ನಾನು ನೋಡಿದೆ. ಕಡ್ಡಿಯನ್ನು ಒಳಗಿಟ್ಟು, ಬಾನೆಟ್ಟು ಮುಚ್ಚಿ, ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬೆಸಗರಹಳ್ಳಿ ಕಡೆಗೆ ನಡೆದು ಹೊರಟ. ನಾನು ಅವನನ್ನು ನೋಡಿದ್ದು ಅದೇ ಕೊನೆ.