ನನ್ನ ಕಿವಿ ನಂಬಿ ಕೊಂಡ ಮೈಕ್ ಸೆಟ್

ಈಗಷ್ಟೇ ನಮ್ಮ ಬೀದಿಯಲ್ಲಿ ಮದುವೆ ದಿಬ್ಬಣದ ಡಿಜೆ ಗಾಡಿಯೊಂದು ಹೋಯಿತು. ಕಿಟಕಿಯ ಗಾಜು ನಡುಗಿತು, ಎದೆಯೊಳಗೂ ಏನೋ ಗುದ್ದಿದಂತಾಯಿತು. ಬೈಯಲೆಂದು ಎದ್ದವನು ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ನೀವೇ ಹೇಳಿ, ಒಂದು ಕಾಲದಲ್ಲಿ ಊರೂರಿಗೆ ಗದ್ದಲ ಹೊತ್ತು ತಿರುಗಿದವನಿಗೆ ಬೈಯುವ ಬಾಯಿ ಎಲ್ಲಿಂದ ಬರಬೇಕು?

ಅದು ಅರವತ್ತರ ದಶಕ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನನ್ನ ಗೆಳೆಯ ಮಂಜಪ್ಪನ ಊರನ್ನು ನುಂಗಿ, ಅಲ್ಲಿಯವರೆಲ್ಲ ದಿಕ್ಕಿಗೊಬ್ಬರಾಗಿದ್ದರು. ಮಂಜಪ್ಪನೂ ಅವನ ತಂಗಿಯೂ ಹೊಸನಗರದ ಕಡೆ ಒಂದು ಗುಡ್ಡದ ಬುಡದಲ್ಲಿ ನೆಲೆ ನಿಂತರು. ತಾಯಿಯಿಲ್ಲದ ಅವರಿಬ್ಬರನ್ನು ಸಾಕಿದ ದೊಡ್ಡಮ್ಮ ತನ್ನ ಮಗನೊಂದಿಗೆ ಅದೇ ಗುಡ್ಡದ ಆಚೆ ಬದಿಗೆ ಹೋದಳು. ಗದ್ದೆ ಕಳೆದುಕೊಂಡ ಮಂಜಪ್ಪ ಒಂದು ದಿನ, "ಮೈಕ್ ಸೆಟ್ ಇಡಾಣ ಮಾರಾಯ, ಮದುವೆಗೆ ಬಾಡಿಗೆ ಕೊಡಾಣ" ಎಂದ. ನಾನು ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದೆನಲ್ಲ, ನನ್ನ ಕಿವಿಯ ಮೇಲೆ ಅವನಿಗೆ ಎಲ್ಲಿಲ್ಲದ ನಂಬಿಕೆ. ನನಗೂ ಇತ್ತು ಅನ್ನಿ.

ಸಾಗರದ ಅಂಗಡಿಯಲ್ಲಿ ಎರಡು ಬಗೆಯ ಸ್ಪೀಕರ್ ಇದ್ದವು. ಒಂದು ತುತ್ತೂರಿ ಬಾಯಿಯ ಹಾರ್ನ್. ಅದರಲ್ಲಿ ಎಂಥ ಹಾಡು ಹಾಕಿದರೂ ಹಾಡುವವರಿಗೆ ನೆಗಡಿ ಆದಂತೆ ಕೇಳುತ್ತಿತ್ತು. ಇನ್ನೊಂದು ಮರದ ಪೆಟ್ಟಿಗೆಯದು, ದನಿ ಬಹಳ ಇಂಪು. ಎರಡನ್ನೂ ಕೊಳ್ಳುವ ತಾಕತ್ತು ನಮಗಿರಲಿಲ್ಲ. ಹಾರ್ನ್ ಜೊತೆ ಓಡಾಡಿದರೆ ಸಂಗೀತ ಬಲ್ಲವನೆಂಬ ನನ್ನ ಮರ್ಯಾದೆ ಏನಾದೀತು ಎಂಬುದೇ ನನ್ನ ಚಿಂತೆ.

ಮಂಜಪ್ಪನಿಗೆ ಬೇಕಿದ್ದದ್ದು ದೂರಕ್ಕೆ ಕೇಳುವ ದನಿ. ಅಂಗಡಿಯ ಹಿಂದಿನ ಗದ್ದೆಬಯಲಿನಲ್ಲಿ ಪರೀಕ್ಷೆ ಇಟ್ಟ. "ನೀನು ನಡೀತಾ ಹೋಗು. ಕೇಳೋದು ನಿಂತ ತಕ್ಷಣ ಟವೆಲ್ ಎತ್ತು" ಎಂದ. ಮೊದಲು ಪೆಟ್ಟಿಗೆ. ಮೂರನೆಯ ಬದು ದಾಟುವಷ್ಟರಲ್ಲಿ ಅದು ಸುಮ್ಮನಾಯಿತು. ನಾನು ಸುಮ್ಮನಾಗಲಿಲ್ಲ. ಬಯಲಂಚಿನಲ್ಲಿ ಹರಿಯುವ ತೋಡಿನವರೆಗೂ ನಡೆದು ಆಮೇಲೆ ಟವೆಲ್ ಎತ್ತಿದೆ. ಆಮೇಲೆ ಹಾರ್ನ್. ತೋಡಿನ ಹತ್ತಿರವೂ ಅದು ಕಿವಿಗೆ ಚುಚ್ಚುತ್ತಿತ್ತು. ಅಲ್ಲೇ ನಿಂತು ಟವೆಲ್ ಎತ್ತಿಬಿಟ್ಟೆ.

"ಎರಡೂ ಒಂದೇ ಆಯ್ತಲ್ಲ!" ಎಂದು ಮಂಜಪ್ಪ ತಲೆ ಕೆರೆದುಕೊಂಡ. ಪೆಟ್ಟಿಗೆ ನಮ್ಮ ಜೊತೆ ಬಸ್ಸು ಹತ್ತಿತು.

ಮೊದಲ ಮದುವೆ ಅವನ ತಂಗಿಯದೇ. ಆ ಕಡೆ ಒಂದು ಪದ್ಧತಿ: ಮದುವೆಯ ದಿನ ಬೆಳಿಗ್ಗೆ ಯಾರಾದರೂ ಹೋಗಿ ಮತ್ತೊಮ್ಮೆ ಕರೆಯದೆ ಹಿರಿಯರು ಹೊಸಿಲು ದಾಟುವುದಿಲ್ಲ. ಮಂಜಪ್ಪ ಹಿಂದಿನ ವಾರವೇ ದೊಡ್ಡಮ್ಮನಿಗೆ ಜಂಬದಿಂದ ಹೇಳಿ ಬಂದಿದ್ದ: "ಈ ಸಲ ಕರಿಯಾಕೆ ಯಾರೂ ಬರಲ್ಲ ದೊಡ್ಡಮ್ಮ, ನನ್ನ ಮೈಕೇ ಕರೀತದೆ. ಹಾಡು ಕೇಳಿದ ಕೂಡ್ಲೆ ಹೊರಟು ಬಾ." ಇದು ನನಗೆ ಗೊತ್ತಾದದ್ದು ಮದುವೆಯ ಬೆಳಿಗ್ಗೆ, ಪೆಟ್ಟಿಗೆಯನ್ನು ಮಾವಿನ ಮರಕ್ಕೆ ಕಟ್ಟಿದ ಮೇಲೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಗ್ರಾಮೊಫೋನ್ ಪ್ಲೇಟಿನ ಮೇಲೆ ಪ್ಲೇಟು ಹಾಕಿದೆ, ದನಿ ಒಡೆಯುವವರೆಗೂ ಗುಂಡಿ ತಿರುಗಿಸಿದೆ, ಗುಡ್ಡದ ದಾರಿ ನೋಡಿದೆ, ಮತ್ತೆ ಪ್ಲೇಟು ಹಾಕಿದೆ. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಧಾರೆಯ ಹೊತ್ತಿಗೆ ದೊಡ್ಡಮ್ಮ ನಿಲ್ಲಬೇಕಾದ ಜಾಗದಲ್ಲಿ ಪಕ್ಕದ ಮನೆಯ ಹೆಂಗಸು ನಿಂತಳು.

ಆಮೇಲೆ ಯಾರೋ ಓಡಿಹೋಗಿ ಕರೆತಂದರು. ಹೊಸ ಸೀರೆಯುಟ್ಟು ಬೆಳಗಿನಿಂದ ಜಗಲಿಯ ಮೇಲೇ ಕೂತಿದ್ದಳಂತೆ. ಬಂದವಳು ಅಳಲಿಲ್ಲ, ಬೈಯಲಿಲ್ಲ. "ಹಾಡೇ ಹಾಕಲಿಲ್ಲೇನೋ ಮಂಜ?" ಎಂದು ಕೇಳಿದಳು, ಅಷ್ಟೇ.

"ಗಾಳಿ ಆ ಕಡೆಯಿಂದ ಇತ್ತು ದೊಡ್ಡಮ್ಮ" ಎಂದ ಮಂಜಪ್ಪ. ನನ್ನ ಮುಖ ನೋಡಿದ. "ಹೌದು, ಗಾಳಿ" ಎಂದೆ.

ಪೆಟ್ಟಿಗೆ ಕೊಟ್ಟು ಹಾರ್ನ್ ತಂದೆವು. ತೀರ್ಥಹಳ್ಳಿಯವರೆಗೂ ನಮ್ಮ ಹೆಸರು ಹೋಯಿತು. ದೊಡ್ಡಮ್ಮ ಮಾತ್ರ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ನನಗೆ ಆ ದಿನ ನೆನಪಾದಾಗಲೆಲ್ಲ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಇವತ್ತು ಮೂರನೆಯ ಸಲ ಬಾಗಿಲಿಗೆ ಹೋದವನು ಅಲ್ಲೇ ನಿಂತು ಮಂಜಪ್ಪನಿಗೆ ಫೋನ್ ಮಾಡಿದೆ. ಜನ್ಮವಿಡೀ ಹಾರ್ನ್ ಪಕ್ಕ ಕೂತವನಿಗೆ ಈಗ ಕಿವಿ ಮಂದ. ಮೆಲ್ಲಗೆ ಹೇಳಿದೆ. "ಎಂತದು? ಜೋರಾಗಿ ಹೇಳು ಮಾರಾಯ!" ಎಂದ. ಇನ್ನೊಮ್ಮೆ ಹೇಳಿದೆ. ಕೇಳಲಿಲ್ಲ. ಕೊನೆಗೆ ಗಂಟಲು ಹರಿಯುವಂತೆ ಕೂಗಿದೆ: "ಆ ದಿನ ಗದ್ದೆಬಯಲಲ್ಲಿ ನಾನು ಸುಳ್ಳು ಟವೆಲ್ ಎತ್ತಿದ್ದು! ಪೆಟ್ಟಿಗೆ ಕೇಳ್ತಿರಲಿಲ್ಲ, ಹಾರ್ನ್ ಕೇಳ್ತಿತ್ತು!"

ಎದುರು ಮನೆಯವರು ಹೊರಗೆ ಬಂದು ನೋಡಿದರು.

"ನಂಗೆ ಕೇಳ್ತು" ಎಂದ ಮಂಜಪ್ಪ. "ದೊಡ್ಡಮ್ಮಂಗೆ ಕೇಳ್ಸಬೇಕಿತ್ತು ನೀನು."