ನೂರು ವರ್ಷ ಆಯಸ್ಸು

ರಿಟೈರಾದ ಮೇಲೆ ಗೋಣಿಬೀಡಿನ ನಮ್ಮ ಮನೆ ಜಗಲಿಯಲ್ಲೇ ಇಂಗ್ಲಿಷ್ ಪಾಠ ಶುರುಮಾಡಿದೆ. ವ್ಯಾಕರಣ ಮುಗಿಸಿದವರಿಗೆ ನುಡಿಗಟ್ಟು, ಗಾದೆಗಳ ಪಾಠ. ಹೋಂಸ್ಟೇಗಳಲ್ಲಿ ಕೆಲಸ ಹಿಡಿಯುವವರಿಗೆ ಅದು ಬೇಕು. ಬರುವ ಅತಿಥಿಗಳು ನೆಟ್ಟಗೆ ಮಾತಾಡಿದರೆ ತಾನೇ! ಕಳೆದ ಮಳೆಗಾಲದ ಹೊತ್ತಿಗೆ ಉಳಿದವರೆಲ್ಲ ಬಿಟ್ಟು ಒಬ್ಬಳೇ ಬರುತ್ತಿದ್ದಳು.

ಅವಳ ಗಂಡ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಬೇಸಗೆಯಲ್ಲಿ ಒಂದು ದಿನ ಕೊಟ್ಟಿಗೆಹಾರಕ್ಕೆ ಹೋಗಿಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಘಾಟಿಯ ಬದಿಯಲ್ಲಿ ಬೈಕು ಸಿಕ್ಕಿತು, ಅವನು ಸಿಗಲಿಲ್ಲ. ಪೊಲೀಸರು, ಊರವರು ಕಣಿವೆಯೆಲ್ಲ ಜಾಲಾಡಿದರು. ಊರ ಬಾಯಿ ಮುಚ್ಚಿಸಲಾಗುತ್ತದೆಯೇ? ಸತ್ತ ಎಂದರು, ಓಡಿಹೋದ ಎಂದರು. ಅವಳು ತಾಳಿ ತೆಗೆಯಲಿಲ್ಲ, ಅವನ ಸುದ್ದಿಯನ್ನೂ ಎತ್ತಲಿಲ್ಲ. ಇದ್ದಾನೋ ಇಲ್ಲವೋ ಎಂಬುದೊಂದು ಗೊತ್ತಾದರೆ ಸಾಕಿತ್ತು ಅವಳಿಗೆ. ನೋಡಿದಾಗಲೆಲ್ಲ ನನ್ನ ಕರುಳು ಚುರ್ರೆನ್ನುತ್ತಿತ್ತು, ಬಾಯಲ್ಲಿ ಬರುತ್ತಿದ್ದುದು ಮಾತ್ರ ಬೈಗುಳವೇ.

ಆ ಸಂಜೆ ಮಳೆ ನಿಂತು ಮಂಜು ಅಂಗಳಕ್ಕೆ ಇಳಿದಿತ್ತು. 'ಸ್ಪಿಲ್ ದ ಬೀನ್ಸ್' ಎಂದರೆ ಗುಟ್ಟು ಬಿಟ್ಟುಕೊಡುವುದು ಎಂದೆ.

"ನಮ್ಮಲ್ಲಿ ಕಾಫಿ ಬೀನ್ಸ್ ಚೆಲ್ಲಿದ್ರೆ ಮೇಸ್ತ್ರಿ ಹತ್ರ ಬೈಸ್ಕೊಳ್ಳೋದು ಅಷ್ಟೇ ಟೀಚರೇ," ಎಂದು ನಕ್ಕಳು.

ಎಷ್ಟೋ ತಿಂಗಳ ಮೇಲೆ ಅವಳ ನಗು ಕೇಳಿ ಖುಷಿಯಾಯಿತು. ಆ ಹುರುಪಿನಲ್ಲೇ ಮುಂದಿನದಕ್ಕೆ ಹೋದೆ: 'ಸ್ಪೀಕ್ ಆಫ್ ದ ಡೆವಿಲ್'.

"ಯಾರ ಸುದ್ದಿ ಮಾತಾಡ್ತಿದ್ವೋ ಅವ್ರೇ ಬಂದ್ರೆ ಹೀಗನ್ನೋದು. ನಾವು 'ನೂರು ವರ್ಷ ಆಯಸ್ಸು ನಿಮಗೆ' ಅಂತೀವಲ್ಲ, ಅದೇ. ಅವ್ರು ಸೈತಾನನ್ನ ನೆನೀತಾರೆ, ನಾವು ಆಯಸ್ಸು ಕೊಡ್ತೀವಿ. ಎಲ್ಲಿ, ಒಂದು ವಾಕ್ಯ ಮಾಡು ಮಾರಾಯ್ತಿ."

ಅವಳು ಅಂಗಳದ ಕಡೆ ನೋಡಿದಳು. ಆಮೇಲೆ ನಿಧಾನವಾಗಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ, ತನ್ನ ಗಂಡನ ವಿಷಯ ಮಾತಾಡುತ್ತಿದ್ದಾಗಲೇ ಅವನು ಬಂದುಬಿಟ್ಟನೆಂದು ಹೇಳಿದಳು.

ಗೇಟಿನ ಹತ್ತಿರದಿಂದ ಗಂಡಸಿನ ದನಿಯೊಂದು ಅವಳ ಹೆಸರು ಹಿಡಿದು ಕರೆಯಿತು.

ಎಲೆ ಅಲ್ಲಾಡಿದರೂ ಬೊಗಳುವ ನಮ್ಮ ನಾಯಿ ಬಾಯಿಬಿಡದೆ ಬೆಂಚಿನಡಿ ಸೇರಿತು. ಅವಳು ಓಗೊಡಲೆಂದು ಎದ್ದಳು. ನಾನು ಹಾರಿಬಿದ್ದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಮುಚ್ಚಂಜೆಯಲ್ಲಿ ಹೊರಗಿನಿಂದ ಕರೆದರೆ ಮೊದಲ ಕರೆಗೆ ಓಗೊಡಬಾರದೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ. ಅಲ್ಲದ್ದಾದರೆ ಒಂದೇ ಸಲ. ಇದೆಲ್ಲ ಮೂಢನಂಬಿಕೆ ಎಂದು ಕ್ಲಾಸಿನಲ್ಲಿ ಗಂಟಲು ಹರಿದುಕೊಂಡವಳು ನಾನು. ಆ ಹೊತ್ತಿನಲ್ಲಿ ಆ ಬುದ್ಧಿಯೆಲ್ಲ ಎಲ್ಲಿ ಹೋಯಿತೋ!

"ಅವ್ರದೇ ಸ್ವರ ಟೀಚರೇ," ಎಂದಳು ನನ್ನ ಬೆರಳ ಸಂದಿಯಿಂದ.

"ತಡಿ. ಇನ್ನೊಂದ್ಸಲ ಕರೀಲಿ."

ಕಾದೆವು. ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗೇಟಿನ ಚಿಲಕದ ಸದ್ದಾಯಿತು, ಆಮೇಲೆ ಅದೂ ಇಲ್ಲ. ಕೊನೆಗೆ ಟಾರ್ಚು ಹಿಡಿದು ಹೋಗಿ ನೋಡಿದೆವು. ರಸ್ತೆಯಲ್ಲಿ ಮಂಜು ಬಿಟ್ಟರೆ ಯಾರೂ ಇರಲಿಲ್ಲ.

"ನೋಡಿದ್ಯಾ? ಮನುಷ್ಯರಾಗಿದ್ರೆ ಇನ್ನೊಂದ್ಸಲ ಕರೀತಿರ್ಲಿಲ್ವಾ?" ಎಂದೆ.

ಅವಳು ಗೇಟು ಹಿಡಿದು ನಿಂತೇ ಇದ್ದಳು.

"ಇಲ್ಲ ಟೀಚರೇ. ಅವ್ರು ಯಾವತ್ತೂ ಒಂದೇ ಸಲ ಕರೆಯೋದು. ಓಗೊಡದಿದ್ರೆ ಸಿಟ್ಟು ಮಾಡ್ಕೊಂಡು ಹೊರಟೇ ಹೋಗ್ತಾರೆ."