ಕೊಡೆ ಕಂಪನಿಯ ಸಾರಿ ಅಕ್ಕ

ಕೊಡೆ ತಯಾರಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸಾರಿ ಅಕ್ಕ ಎಂದೇ. ಇಂಟರ್‌ನೆಟ್ಟಿನಲ್ಲಿ ಜನ ಬರೆಯುವ ದೂರುಗಳಿಗೆ ಕಂಪನಿಯ ಪರವಾಗಿ ಉತ್ತರಿಸುವುದು ಅವಳ ಕೆಲಸ. "ಇಲ್ಲಿ ದಿನಕ್ಕೆ ನೂರು ಸಾರಿ ಸಾರಿ ಹೇಳ್ತೀನಿ. ಮನೇಲಿ ಮಾತ್ರ ಒಂದು ಸಾರಿನೂ ಬಾಯಿಗೆ ಬರಲ್ಲ," ಎಂದು ತಾನೇ ನಗುತ್ತಿದ್ದಳು. ಕಡ್ಡಿ ಮುರಿದದ್ದು, ಹಿಡಿ ಕಳಚಿದ್ದು, ಗುಂಡಿ ಒತ್ತಿದರೂ ಬಿಚ್ಚಿಕೊಳ್ಳದ್ದು, ಹನ್ನೊಂದು ವರ್ಷದಿಂದ ಎಲ್ಲವನ್ನೂ ಒಳ್ಳೆಯ ಮಾತಿನಲ್ಲೇ ಬಗೆಹರಿಸಿದ್ದಳು.

ಆ ಸೋಮವಾರ ಬೆಳಿಗ್ಗೆ ಒಬ್ಬ ಶಾಲಾ ಶಿಕ್ಷಕಿ ವಿಡಿಯೊ ಹಾಕಿದರು. ಮಳೆಯಲ್ಲಿ ನಡೆದು ಬಂದ ಹದಿನಾರು ಮಕ್ಕಳು ಸಾಲಾಗಿ ನಿಂತಿದ್ದರು. ಎಲ್ಲರ ಬಿಳಿ ಅಂಗಿಯ ಹೆಗಲ ಮೇಲೂ ಇದೇ ಕಂಪನಿಯ ಹೊಸ ಕೊಡೆಯಿಂದ ಇಳಿದ ನೀಲಿ ಬಣ್ಣ. ಮಧ್ಯಾಹ್ನದೊಳಗೆ ಅದನ್ನು ಎರಡು ಲಕ್ಷ ಜನ ನೋಡಿಯಾಗಿತ್ತು.

ಅಕ್ಕ ಕೆಳಗಿನ ಬಣ್ಣದ ವಿಭಾಗಕ್ಕೆ ಓಡಿದಳು. ಅಲ್ಲಿನ ಮೇಸ್ತ್ರಿ ತಲೆ ಎತ್ತಲಿಲ್ಲ. "ಬಣ್ಣ ಹಿಡಿದಿಲ್ಲ, ಈ ಬಟ್ಟೆ ಬೇಡ ಅಂತ ಚೀಟಿ ಬರೆದು ಕೊಟ್ಟಿದ್ದೆ. ಮಳೆ ಶುರುವಾಯ್ತು, ಹೊಲಿಯೋಕೆ ಕಳಿಸು ಅಂದ್ರು ಮೇಲಿನವರು. ಕಳಿಸಿದೆ."

ಮೇಲೆ ಬಂದವಳೇ ಒಂದು ಹಾಳೆಯಲ್ಲಿ ಬರೆದಳು: ತಪ್ಪು ನಮ್ಮದು. ಕೊಡೆ ಹಿಂದಿರುಗಿಸಿ, ಬೇರೆಯದು ಕೊಡುತ್ತೇವೆ. ಹಾಳಾದ ಅಂಗಿಗೂ ನಾವೇ ಹೊಣೆ.

ಮ್ಯಾನೇಜರ್ ಓದಿ ಹಾಳೆಯನ್ನು ಪಕ್ಕಕ್ಕೆ ತಳ್ಳಿದ. "ನಮ್ಮ ತಲೆ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ? ನಮ್ಮ ಪೇಜಲ್ಲಿ ಬೈದಿರೋದನ್ನೆಲ್ಲ ಅಳಿಸಿ. ಎರಡು ದಿನದಲ್ಲಿ ಜನ ಮರೀತಾರೆ."

"ಅಳಿಸಿದ್ರೆ ಇನ್ನೂ ಕೆಂಡ ಆಗ್ತಾರೆ ಸಾರ್."

"ಹೇಳಿದಷ್ಟು ಮಾಡಿ."

ಅಳಿಸಿದಳು. ಒಂದು ಅಳಿಸಿದರೆ ಹತ್ತು ಹುಟ್ಟಿದವು. ಮಂಗಳವಾರ ಮ್ಯಾನೇಜರ್ ಆಫೀಸಿನವರಿಂದಲೇ ಸುಳ್ಳು ಹೆಸರಿನಲ್ಲಿ ಹೊಗಳಿಕೆ ಬರೆಸಿದ. ಗೋದಾಮಿನ ಗುಮಾಸ್ತ ಹೆಸರು ಬದಲಿಸಿದನೇ ಹೊರತು ಫೋಟೊ ಬದಲಿಸುವುದನ್ನು ಮರೆತ. ಎದೆಯ ಮೇಲೆ ಕಂಪನಿಯ ಗುರುತಿದ್ದ ಅಂಗಿ ತೊಟ್ಟು, "ಈ ಕೊಡೆ ಅಂದ್ರೆ ಚಿನ್ನ" ಎಂದು ಬರೆದಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಮನೆಯಲ್ಲಿ ಊಟದ ಹೊತ್ತಿಗೆ ಮಗಳು ಫೋನ್ ಹಿಡಿದು ಬಂದಳು. "ಅಮ್ಮಾ, ಇದು ಕೇಳು. ಮಳೆ ಬಂದ್ರೆ ಕೊಡೆ ಮುಚ್ಚಿ, ಅಂಗಿ ಉಳಿಸಿ ಅಂತೆ!" ಗಂಡ ಗೊಳ್ಳೆಂದು ನಕ್ಕ.

"ನಗೋದಾದ್ರೆ ಇಬ್ರೂ ಆಚೆ ಹೋಗಿ ನಗಿ!" ಅವಳು ತಟ್ಟೆ ಸರಿಸಿ ಎದ್ದಳು.

ಬುಧವಾರ ಯಾರನ್ನೂ ಕೇಳದೆ ಶಿಕ್ಷಕಿಗೆ ಫೋನ್ ಮಾಡಿದಳು.

"ಬಣ್ಣ ಬಿಟ್ಟಿದ್ದು ನಿಮ್ಮ ಕೊಡೆ ತಾನೇ?" ಎಂದರು ಅವರು.

"ನಮ್ಮದೇ ಮೇಡಂ."

"ಅದನ್ನೇ ಬರೆದು ಹಾಕಿ."

"ಅದು... ನನ್ನ ಕೈಲಿಲ್ಲ."

"ಮತ್ತೆ ಯಾಕೆ ಫೋನ್ ಮಾಡಿದ್ರಿ?"

ಫೋನ್ ಕಟ್ಟಾಯಿತು. ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ.

ಗುರುವಾರ ಅಂಗಡಿಯವರು ಕೊಡೆಗಳನ್ನು ಮೂಟೆ ಕಟ್ಟಿ ವಾಪಸ್ ಕಳಿಸತೊಡಗಿದರು. ಮ್ಯಾನೇಜರ್ ಆಗ ಹೆದರಿದ. ಶುಕ್ರವಾರ ಹೊರಗಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದ. ಅವನೆಂದ: "ತಪ್ಪು ಒಪ್ಪಿಕೊಳ್ಳಿ, ಕೊಡೆ ಬದಲಿಸಿ ಕೊಡಿ, ಅಂಗಿಗೂ ಹೊಣೆ ಹೊರಿ."

"ನೋಡಿ, ಇದಕ್ಕೇ ತಿಳಿದವರು ಬೇಕು ಅನ್ನೋದು," ಎಂದು ಮ್ಯಾನೇಜರ್ ತಲೆದೂಗಿದ.

"ಸೋಮವಾರ ನಾನು ಕೊಟ್ಟ ಹಾಳೇಲೂ ಇದೇ ಇತ್ತು ಸಾರ್."

"ಈಗ ಅದೆಲ್ಲ ಯಾಕಮ್ಮ?"

ಸಂಜೆ ಪ್ರಕಟಣೆ ಹೊರಬಿತ್ತು. ಕೆಲವರು ಮೆಚ್ಚಿದರು, ಹೆಚ್ಚಿನವರು ನಂಬಲಿಲ್ಲ. ಶಿಕ್ಷಕಿ ಒಂದೇ ಸಾಲು ಬರೆದಿದ್ದರು: "ಇದಕ್ಕೆ ಐದು ದಿನ ಬೇಕಿತ್ತಾ?"

ಅಕ್ಕ ಯಾರಿಗೂ ತೋರಿಸದೆ, ಕಂಪನಿಯ ಹೆಸರಿನಲ್ಲೇ ಉತ್ತರ ಹಾಕಿದಳು: "ಬೇಕಿರಲಿಲ್ಲ."

ಆಮೇಲೆ ಕನ್ನಡಕ ಒರೆಸಿಕೊಂಡು, ಹೊಸ ಕೊಡೆ ಕಳಿಸಬೇಕಾದ ಸಾವಿರದ ನೂರು ವಿಳಾಸಗಳ ಪಟ್ಟಿ ತೆರೆದಳು.